ಸಿಗ್ನಲ್ ಹೋದರೆ ನಿಮ್ಮ ರೈಲು ಏನು ಮಾಡುತ್ತೆ?

ಶಾಲೆ ಪೂರ್ತಿ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳು ನಾನು. ಕನ್ನಡದಲ್ಲಿ ಇಷ್ಟುದ್ದದ ಟೆಕ್ನಿಕಲ್ ಲೇಖನ ಬರೀತಿರೋದು ಇದೇ ಮೊದಲು. ತಪ್ಪು ಕಂಡರೆ ಕ್ಯಾಂಟೀನ್‌ನಲ್ಲಿ ಹಿಡಿದು ಹೇಳಿ, ತಿದ್ದಿಕೊಳ್ತೀನಿ.

ವಿಷಯ: ಪುಟ್ಟ ಮಾದರಿ ರೈಲಿಗೆ ವೈರ್‌ಲೆಸ್ ಕಂಟ್ರೋಲ್ ಹೇಗೆ ಆರಿಸೋದು. ಇದನ್ನ ಬರೆಯೋಕೆ ಕಾರಣ ಒಂದು ಹುಡುಗ.

ಹೋದ ಸೆಮಿಸ್ಟರ್‌ನ ಓಪನ್ ಡೇಗೆ ನಾವು ನಾಲ್ಕು ಜನ ಸೇರಿ 8×4 ಅಡಿ ಪ್ಲೈವುಡ್ ಮೇಲೆ ಒಂದು ರೈಲು ಲೇಔಟ್ ಮಾಡಿದ್ದೆವು. ಒಂದು ಅಂಡಾಕಾರದ ಮುಖ್ಯ ಹಳಿ, ಒಂದು ಸ್ಟೇಷನ್, ಪಕ್ಕದಲ್ಲಿ ಇನ್ನೊಂದು ಇಂಜಿನ್ ನಿಲ್ಲೋಕೆ ಸೈಡಿಂಗ್. ಎರಡೂ ಇಂಜಿನ್ ನನ್ನ ರೂಮ್‌ಮೇಟ್‌ನ ಸೋದರಮಾವ ಜರ್ಮನಿಯಿಂದ ತಂದುಕೊಟ್ಟಿದ್ದು. ಫೋನ್‌ನಲ್ಲೇ ರೈಲು ಓಡಿಸಬಹುದು ಅನ್ನೋದು ನಮ್ಮ ಸ್ಟಾಲ್‌ನ ದೊಡ್ಡ ಆಕರ್ಷಣೆ. ಮಧ್ಯಾಹ್ನ ಆರನೇ ಕ್ಲಾಸಿನ ಒಬ್ಬ ಹುಡುಗ ಫೋನ್ ಇಸ್ಕೊಂಡು ರೈಲು ಓಡಿಸ್ತಿದ್ದ. ಹಾಲ್ ತುಂಬ ಜನ, ಎಲ್ಲರ ಕೈಯಲ್ಲೂ ಫೋನ್. ರೈಲು ಸ್ಟೇಷನ್ ಹತ್ತಿರ ಬಂತು, ಹುಡುಗ ಸ್ಲೈಡರ್ ಕೆಳಗೆಳೆದ, ರೈಲು ನಿಲ್ಲಲಿಲ್ಲ. ಸ್ಟಾಪ್ ಬಟನ್ ಒತ್ತಿದ. ಆಗಲೂ ನಿಲ್ಲಲಿಲ್ಲ. ಪಾಯಿಂಟ್ಸ್ ಸೈಡಿಂಗ್ ಕಡೆಗೆ ತಿರುಗಿತ್ತು. ಓಡ್ತಿದ್ದ ಇಂಜಿನ್ ನಿಂತಿದ್ದ ಇಂಜಿನ್‌ಗೆ ಗುದ್ದಿ, ಎರಡೂ ಹಲಗೆಯ ಅಂಚಿನಿಂದ ಸಿಮೆಂಟ್ ನೆಲಕ್ಕೆ ಬಿದ್ದವು.

ಹುಡುಗನ ಮುಖ ಬೆಳ್ಳಗಾಯ್ತು. "ನಾನೇನೂ ಮಾಡ್ಲಿಲ್ಲ ಅಕ್ಕಾ, ನಾನ್ ನಿಲ್ಸಿದ್ದೆ" ಅಂದ. ಅವನು ಹೇಳಿದ್ದು ನಿಜ. ಆದರೆ ಅವನ ಅಮ್ಮ ನಂಬಲಿಲ್ಲ, ಕಿವಿ ಹಿಡ್ಕೊಂಡು ಕರ್ಕೊಂಡು ಹೋದರು. ನಾನು "ತಪ್ಪು ಅವನದಲ್ಲ ಆಂಟಿ" ಅಂತ ಹೇಳೋಷ್ಟರಲ್ಲಿ ಅವರು ಬಾಗಿಲು ದಾಟಿದ್ದರು.

ಆಮೇಲೆ ನಮ್ಮ ಲ್ಯಾಬ್ ಸರ್ ಬಂದು ಮುರಿದ ಕಪ್ಲಿಂಗ್ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿದರು: "ಸಿಗ್ನಲ್ ಹೋದ್ರೆ ನಿಮ್ ರೈಲು ಏನ್ ಮಾಡುತ್ತೆ ಅಂತ ಯಾರಾದ್ರೂ ನೋಡಿದ್ರೇನಮ್ಮಾ?"

ನಾವು ರೇಂಜ್ ನೋಡಿದ್ದೆವು. ಎಷ್ಟು ಫೋನ್ ಕನೆಕ್ಟ್ ಆಗುತ್ತೆ ಅಂತ ನೋಡಿದ್ದೆವು. ಆ್ಯಪ್ ಚೆನ್ನಾಗಿದೆಯಾ ಅಂತಲೂ ನೋಡಿದ್ದೆವು. ಇದೊಂದನ್ನ ಮಾತ್ರ ನೋಡಿರಲಿಲ್ಲ. ನನ್ನ ಪ್ರಕಾರ ವೈರ್‌ಲೆಸ್ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಮೊದಲು ಮೂರು ದಾರಿ ಬೇರೆ ಮಾಡಿ

"ವೈರ್‌ಲೆಸ್ ರೈಲು" ಅಂದಾಗ ನಮ್ಮ ತಲೆಯಲ್ಲಿ ಎಲ್ಲ ಒಂದೇ ಗಂಟಾಗಿರುತ್ತೆ. ಆ ಗಂಟು ಬಿಚ್ಚಿದರೆ ಮೂರು ದಾರಿ ಸಿಗುತ್ತೆ.

ಒಂದು: ಇಂಜಿನ್ ಮೋಟರ್‌ಗೆ ಕರೆಂಟ್ ಎಲ್ಲಿಂದ ಬರುತ್ತೆ? ಹಳಿಯಿಂದಲೋ, ಒಳಗಿನ ಬ್ಯಾಟರಿಯಿಂದಲೋ?

ಎರಡು: "ಇಷ್ಟು ವೇಗದಲ್ಲಿ ಹೋಗು" ಅನ್ನೋ ಆಜ್ಞೆ ಇಂಜಿನ್‌ಗೆ ಹೇಗೆ ತಲುಪುತ್ತೆ? ಹಳಿಯ ಮೂಲಕವೋ, ಗಾಳಿಯ ಮೂಲಕವೋ?

ಮೂರು: ನಿಮ್ಮ ಕೈಯಿಂದ ಆ ಆಜ್ಞೆ ಹೊರಡೋದು ಹೇಗೆ? ವೈರ್ ಇರೋ ನಾಬ್‌ನಿಂದಲೋ, ರೇಡಿಯೋ ಹ್ಯಾಂಡ್‌ಸೆಟ್‌ನಿಂದಲೋ, ಫೋನ್‌ನಿಂದಲೋ?

ವೈರ್‌ಲೆಸ್ ಅನ್ನೋದು ಈ ಮೂರರಲ್ಲಿ ಎಲ್ಲಿ ಬೇಕಾದರೂ ಕೂರಬಹುದು. ಎಲ್ಲಿ ಕೂತಿದೆ ಅನ್ನೋದರ ಮೇಲೆ ಸಿಗ್ನಲ್ ಹೋದಾಗಿನ ಕಥೆ ಬದಲಾಗುತ್ತೆ.

ಡಿಸಿಯಿಂದ ಡಿಸಿಸಿಗೆ

ಹಳೇ ಪದ್ಧತಿ ಸರಳ. ಎರಡು ಹಳಿಗೆ ಡಿಸಿ ವೋಲ್ಟೇಜ್ ಕೊಡಿ, 0ಯಿಂದ 12 ವೋಲ್ಟ್‌ವರೆಗೆ ನಾಬ್ ತಿರುಗಿಸಿ. ವೋಲ್ಟೇಜ್ ಹೆಚ್ಚಾದರೆ ವೇಗ ಹೆಚ್ಚು, ಪೊಲಾರಿಟಿ ಬದಲಿಸಿದರೆ ಹಿಂದಕ್ಕೆ. ತೊಂದರೆ ಏನಂದ್ರೆ ಒಂದೇ ಹಳಿ ಮೇಲಿರೋ ಎಲ್ಲ ಇಂಜಿನ್‌ಗಳೂ ಒಟ್ಟಿಗೇ ಓಡ್ತವೆ. ಒಂದನ್ನ ನಿಲ್ಲಿಸಿ ಇನ್ನೊಂದನ್ನ ಓಡಿಸಬೇಕಂದ್ರೆ ಹಳಿಯನ್ನ ತುಂಡು ತುಂಡು ಬ್ಲಾಕ್ ಮಾಡಿ ಸ್ವಿಚ್ ಹಾಕಬೇಕು.

ಇದಕ್ಕೆ ಉತ್ತರವಾಗಿ ಬಂದದ್ದು ಡಿಸಿಸಿ, ಅಂದರೆ ಡಿಜಿಟಲ್ ಕಮಾಂಡ್ ಕಂಟ್ರೋಲ್. ಜರ್ಮನಿಯ ಲೆನ್ಜ್ ಕಂಪನಿಯ ಕೆಲಸವನ್ನ ಆಧಾರ ಮಾಡಿಕೊಂಡು ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದನ್ನ ಸ್ಟ್ಯಾಂಡರ್ಡ್ ಮಾಡಿತು. ಹಾಗಾಗಿ ಒಂದು ಕಂಪನಿಯ ಕಮಾಂಡ್ ಸ್ಟೇಷನ್ ಇನ್ನೊಂದು ಕಂಪನಿಯ ಡಿಕೋಡರ್ ಜೊತೆ ಮಾತಾಡುತ್ತೆ.

ಇದರಲ್ಲಿ ಹಳಿಗೆ ಯಾವಾಗಲೂ ಪೂರ್ತಿ ವೋಲ್ಟೇಜ್ ಇರುತ್ತೆ. ಎಚ್‌ಒ ಸ್ಕೇಲ್‌ಗೆ ಸುಮಾರು 14–15 ವೋಲ್ಟ್. ಆ ವೋಲ್ಟೇಜ್‌ನ ಪೊಲಾರಿಟಿ ಬೇಗ ಬೇಗ ತಿರುಗುತ್ತಾ ಇರುತ್ತೆ, ತಿರುಗುವ ಸಮಯದಲ್ಲೇ ಬಿಟ್ ಅಡಗಿರುತ್ತೆ. ಅರ್ಧ ಸೈಕಲ್ 58 ಮೈಕ್ರೋಸೆಕೆಂಡ್ ಇದ್ದರೆ ಅದು 1, 100 ಮೈಕ್ರೋಸೆಕೆಂಡ್ ಇದ್ದರೆ ಅದು 0. ಕರೆಂಟ್ ಮತ್ತು ಆಜ್ಞೆ ಎರಡೂ ಒಂದೇ ಜೋಡಿ ಹಳಿಯಲ್ಲಿ!

ಒಂದು ಪ್ಯಾಕೆಟ್ ಹೀಗಿರುತ್ತೆ: ಮೊದಲು ಕನಿಷ್ಠ 14 ಒಂದುಗಳ ಪೀಠಿಕೆ, ಆಮೇಲೆ ಇಂಜಿನ್ ವಿಳಾಸದ ಬೈಟ್, ವೇಗದ ಬೈಟ್, ಕೊನೆಗೆ ತಪ್ಪು ಹಿಡಿಯೋ ಬೈಟ್. ಪ್ರತಿ ಬೈಟ್ ಮುಂದೆ ಒಂದು ಸೊನ್ನೆ. ಉದಾಹರಣೆಗೆ ವಿಳಾಸ 3 ಅಂದರೆ 00000011. ಮುಂದಕ್ಕೆ, 28 ಹಂತಗಳಲ್ಲಿ 5ನೇ ಹಂತದ ವೇಗ ಅಂದರೆ 01100100. ಎರಡನ್ನೂ ಎಕ್ಸ್‌ಓಆರ್ ಮಾಡಿದರೆ 01100111, ಅದೇ ಮೂರನೇ ಬೈಟ್. ಲಾಜಿಕ್ ಡಿಸೈನ್ ಕ್ಲಾಸಿನಲ್ಲಿ ಎಕ್ಸ್‌ಓಆರ್ ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳಿದವರಿಗೆ ಇದು ನನ್ನ ಉತ್ತರ.

ಇಂಥ ಒಂದು ಪ್ಯಾಕೆಟ್‌ಗೆ ಹೆಚ್ಚುಕಮ್ಮಿ 6 ಮಿಲಿಸೆಕೆಂಡ್ ಬೇಕು. ಅಂದರೆ ಸೆಕೆಂಡಿಗೆ ಸುಮಾರು 160 ಪ್ಯಾಕೆಟ್. ಕಮಾಂಡ್ ಸ್ಟೇಷನ್ ಪ್ರತಿ ಇಂಜಿನ್‌ಗೂ ಅದರ ಕೊನೆಯ ಆಜ್ಞೆಯನ್ನ ಸುಮ್ಮನಿರದೆ ಮತ್ತೆ ಮತ್ತೆ ಕಳಿಸ್ತಾ ಇರುತ್ತೆ. ಹಳಿ ಕೊಳಕಾಗಿ ಒಂದು ಪ್ಯಾಕೆಟ್ ತಪ್ಪಿದರೂ ಮುಂದಿನದು ಸಿಗಲಿ ಅಂತ. ಈ ವಾಕ್ಯವನ್ನ ನೆನಪಿಟ್ಟುಕೊಳ್ಳಿ, ನಮ್ಮ ಅಪಘಾತದ ಗುಟ್ಟು ಇಲ್ಲೇ ಇದೆ.

ವೈರ್‌ಲೆಸ್‌ನ ನಾಲ್ಕು ಬಗೆ

ಮೊದಲನೆಯದು, ರೇಡಿಯೋ ಥ್ರಾಟಲ್. ಕೈಯಲ್ಲಿ ನಾಬ್ ಇರೋ ಹ್ಯಾಂಡ್‌ಸೆಟ್, ಕಮಾಂಡ್ ಸ್ಟೇಷನ್ ಹತ್ತಿರ ಒಂದು ರಿಸೀವರ್. ಅಲ್ಲಿಂದ ಇಂಜಿನ್‌ವರೆಗೆ ಮಾಮೂಲಿ ಡಿಸಿಸಿ. ಡಿಜಿಟ್ರಾಕ್ಸ್, ಎನ್‌ಸಿಇ ಥರದ ಅಮೆರಿಕದ ಕಂಪನಿಗಳು ಇದನ್ನ ಮಾಡ್ತವೆ. ನೋಡದೆಯೇ ಬೆರಳಿನಲ್ಲಿ ನಾಬ್ ತಿರುಗಿಸಬಹುದು, ಕಣ್ಣು ರೈಲಿನ ಮೇಲೇ ಇರುತ್ತೆ. ಇದು ಸಣ್ಣ ಲಾಭ ಅನ್ಕೋಬೇಡಿ.

ಎರಡನೆಯದು, ವೈ-ಫೈ ಮತ್ತು ಫೋನ್. ಆಂಡ್ರಾಯ್ಡ್‌ನಲ್ಲಿ ಎಂಜಿನ್ ಡ್ರೈವರ್ ಅನ್ನೋ ಆ್ಯಪ್, ಐಫೋನ್‌ನಲ್ಲಿ ವೈಥ್ರಾಟಲ್. ಎರಡೂ ಒಂದೇ ಪ್ರೋಟೋಕಾಲ್ ಮಾತಾಡ್ತವೆ. ಎದುರಿಗೆ ಲ್ಯಾಪ್‌ಟಾಪ್‌ನಲ್ಲಿ ಜೆಎಂಆರ್‌ಐ ಇರಬಹುದು, ಅಥವಾ ಆರ್ಡುಯಿನೋ ಮೆಗಾ ಮೇಲೆ ಓಡೋ ಡಿಸಿಸಿ-ಇಎಕ್ಸ್ ಇರಬಹುದು. ಎರಡೂ ಓಪನ್ ಸೋರ್ಸ್. ಯುರೋಪಿನ ರೋಕೋ ಕಂಪನಿಯ ಝಡ್21 ಕೂಡ ವೈ-ಫೈ ಮೂಲಕ ಫೋನ್ ಜೊತೆ ಮಾತಾಡುತ್ತೆ. ವಿದ್ಯಾರ್ಥಿಗಳ ಜೇಬಿಗೆ ಹೊಂದೋದು ಈ ಬಗೆಯೇ, ಯಾಕಂದ್ರೆ ಥ್ರಾಟಲ್ ಆಗಲೇ ಜೇಬಲ್ಲಿದೆ.

ಮೂರನೆಯದು, ನೇರವಾಗಿ ಇಂಜಿನ್‌ಗೆ ರೇಡಿಯೋ. ಹಳಿಯಿಂದ ಬರೀ ಕರೆಂಟ್, ಆಜ್ಞೆ ಮಾತ್ರ ಬ್ಲೂಟೂತ್ ಅಥವಾ ವೈ-ಫೈ ಮೂಲಕ ಇಂಜಿನ್ ಒಳಗಿನ ಬೋರ್ಡಿಗೆ. ಕಮಾಂಡ್ ಸ್ಟೇಷನ್ನೇ ಬೇಡ. ಒಂದೆರಡು ಇಂಜಿನ್ ಇದ್ದರೆ ಇದು ಬಹಳ ಸರಳ.

ನಾಲ್ಕನೆಯದು, ಡೆಡ್ ರೈಲ್. ಅಂದರೆ ಹಳಿಯಲ್ಲಿ ಕರೆಂಟೇ ಇಲ್ಲ. ಇಂಜಿನ್ ಒಳಗೆ ಅಥವಾ ಹಿಂದಿನ ಬೋಗಿಯಲ್ಲಿ ಬ್ಯಾಟರಿ, ಜೊತೆಗೆ ರೇಡಿಯೋ ರಿಸೀವರ್. ಹಳಿ ಉಜ್ಜಿ ಉಜ್ಜಿ ಸಾಕಾದವರಿಗೆ ಇದು ಸ್ವರ್ಗ. ಹಳಿ ಸುತ್ತಿಕೊಂಡು ವಾಪಸ್ ಅದೇ ಹಳಿಗೆ ಸೇರೋ ರಿವರ್ಸ್ ಲೂಪ್‌ನಲ್ಲಿ ಶಾರ್ಟ್ ಆಗೋ ತಲೆನೋವೂ ಇಲ್ಲ.

ಆದರೆ ಬ್ಯಾಟರಿ ಲೆಕ್ಕ ಮೊದಲೇ ಹಾಕಿ. 500 ಎಂಎಎಚ್‌ನ ಒಂದು ಲಿಥಿಯಂ ಸೆಲ್, 3.7 ವೋಲ್ಟ್: ಒಟ್ಟು 1.85 ವಾಟ್-ಅವರ್. ಮೋಟರ್ 12 ವೋಲ್ಟ್‌ನಲ್ಲಿ 0.25 ಆಂಪಿಯರ್ ಎಳೆದರೆ 3 ವಾಟ್. ವೋಲ್ಟೇಜ್ ಏರಿಸೋ ಬೂಸ್ಟ್ ಕನ್ವರ್ಟರ್ 85% ದಕ್ಷ ಅಂತಿಟ್ಕೊಂಡರೆ ಸಿಗೋದು ಅರ್ಧ ಗಂಟೆ. ಹಳಿಗಳ ನಡುವಿನ ಅಂತರ ಎಚ್‌ಒ ಸ್ಕೇಲ್‌ನಲ್ಲಿ 16.5 ಮಿ.ಮೀ., ಎನ್ ಸ್ಕೇಲ್‌ನಲ್ಲಿ ಬರೀ 9 ಮಿ.ಮೀ. ಎನ್ ಸ್ಕೇಲ್ ಇಂಜಿನ್ ಒಳಗೆ ಸೆಲ್, ಬೂಸ್ಟ್ ಕನ್ವರ್ಟರ್, ರಿಸೀವರ್ ಮೂರನ್ನೂ ತುರುಕೋದು ಹರಸಾಹಸ.

ಈಗ ಆ ಪ್ರಶ್ನೆ

ಮೊದಲೆರಡು ಬಗೆಯಲ್ಲಿ ಗಾಳಿಯ ಸಂಪರ್ಕ ಇರೋದು ನಿಮ್ಮ ಕೈ ಮತ್ತು ಕಮಾಂಡ್ ಸ್ಟೇಷನ್ ನಡುವೆ. ಅದು ಕಡಿದರೆ ಕಮಾಂಡ್ ಸ್ಟೇಷನ್‌ಗೆ ಏನು ಗೊತ್ತಾಗುತ್ತೆ? ಏನೂ ಇಲ್ಲ. ನೀವು ಸುಮ್ಮನಿದ್ದೀರಿ ಅಂದ್ಕೊಂಡು ಕೊನೆಯ ಆಜ್ಞೆಯನ್ನ ಕಳಿಸ್ತಾನೇ ಇರುತ್ತೆ. ಹುಡುಗ ಸ್ಲೈಡರ್ ಕೆಳಗೆಳೆದಾಗ ಆಗಿದ್ದು ಇದೇ. ಅವನ "ನಿಲ್ಲು" ಹಾಲ್‌ನ ಗಾಳಿಯಲ್ಲಿ ಕಳೆದುಹೋಯ್ತು. ಸ್ಟೇಷನ್ ಮಾತ್ರ ಹಳೇ "ಓಡು" ಅನ್ನೋದನ್ನ ನಿಷ್ಠೆಯಿಂದ ಹೇಳ್ತಾ ಇತ್ತು.

ಡಿಕೋಡರ್‌ನಲ್ಲಿ ಸಿವಿ 11 ಅಂತ ಒಂದು ಸೆಟ್ಟಿಂಗ್ ಇದೆ. ಇಷ್ಟು ಹೊತ್ತು ಪ್ಯಾಕೆಟ್ ಬರದಿದ್ದರೆ ನಿಂತುಬಿಡು ಅನ್ನೋದು ಅದರ ಕೆಲಸ. ನಾವು ಇದು ಕಾಪಾಡುತ್ತೆ ಅಂದ್ಕೊಂಡಿದ್ದೆವು. ಕಾಪಾಡಲ್ಲ! ಫೋನ್ ಸತ್ತರೂ ಹಳಿಯಲ್ಲಿ ಪ್ಯಾಕೆಟ್ ಬರ್ತಾನೇ ಇರುತ್ತಲ್ಲ, ಡಿಕೋಡರ್ ಪ್ರಕಾರ ಎಲ್ಲ ಸರಿಯಾಗೇ ಇದೆ.

ಇದಕ್ಕಾಗಿಯೇ ವೈಥ್ರಾಟಲ್ ಪ್ರೋಟೋಕಾಲ್‌ನಲ್ಲಿ ಹಾರ್ಟ್‌ಬೀಟ್ ಅನ್ನೋ ವ್ಯವಸ್ಥೆ ಇದೆ. ಫೋನ್ ಆಗಾಗ "ನಾನಿದ್ದೀನಿ" ಅಂತ ಹೇಳ್ತಾ ಇರಬೇಕು. ನಿಗದಿತ ಸಮಯ, ಸಾಮಾನ್ಯವಾಗಿ 10 ಸೆಕೆಂಡ್, ಸದ್ದಿಲ್ಲದಿದ್ದರೆ ಸರ್ವರ್ ಆ ಇಂಜಿನ್ ನಿಲ್ಲಿಸುತ್ತೆ. ನಮ್ಮ ಹಳೇ ಸೆಟಪ್‌ನಲ್ಲೂ ಇದು ಇತ್ತು. ಟೆಸ್ಟಿಂಗ್ ಸಮಯದಲ್ಲಿ ರೈಲು ಪದೇ ಪದೇ ನಿಲ್ಲುತ್ತೆ ಅಂತ ಬೇಜಾರಾಗಿ ಅದನ್ನ ಆಫ್ ಮಾಡಿದ್ದು ನಾನೇ. ರೈಲು ಯಾಕೆ ಪದೇ ಪದೇ ನಿಲ್ತಿದೆ ಅಂತ ಕೇಳಬೇಕಿತ್ತು, ಕೇಳಲಿಲ್ಲ. ಸೈಕಲ್ ಬ್ರೇಕ್ ಕಿರ್ ಅನ್ನುತ್ತೆ ಅಂತ ಬ್ರೇಕನ್ನೇ ಕಿತ್ತುಹಾಕಿದ ಹಾಗೆ.

ಆದರೆ 10 ಸೆಕೆಂಡ್ ಕೂಡ ಕಡಿಮೆಯೇನಲ್ಲ. ನಮ್ಮ ರೈಲು ಸೆಕೆಂಡಿಗೆ 30 ಸೆಂ.ಮೀ. ಓಡ್ತಿತ್ತು. ಎಚ್‌ಒ ಸ್ಕೇಲ್ 1:87, ಹಾಗಾಗಿ ನಿಜ ರೈಲಿನ ಲೆಕ್ಕದಲ್ಲಿ ಗಂಟೆಗೆ ಸುಮಾರು 94 ಕಿ.ಮೀ. ಹತ್ತು ಸೆಕೆಂಡಿನಲ್ಲಿ 3 ಮೀಟರ್. ನಮ್ಮ ಇಡೀ ಸುತ್ತು ಐದೂವರೆ ಮೀಟರ್. ಅಂದರೆ ಹಾರ್ಟ್‌ಬೀಟ್ ಆನ್ ಇದ್ದಿದ್ದರೂ ರೈಲು ಅರ್ಧ ಸುತ್ತಿಗಿಂತ ಹೆಚ್ಚು ಓಡಿಯೇ ನಿಲ್ತಿತ್ತು. ಸಮಯವನ್ನ ದೂರಕ್ಕೆ ಬದಲಿಸಿ ನೋಡಿದಾಗಲೇ ನನಗೆ ಇದು ಅರ್ಥ ಆಗಿದ್ದು.

ಮೂರನೇ ಬಗೆಯಲ್ಲಿ, ಇಂಜಿನ್ ಒಳಗಿನ ರಿಸೀವರ್‌ಗೇ ಸಂಪರ್ಕ ಹೋಗಿದ್ದು ಗೊತ್ತಾಗುತ್ತೆ. ಒಳ್ಳೇದು. ಆದರೆ ಎಷ್ಟು ಬೇಗ? ಬ್ಲೂಟೂತ್ ಎಲ್‌ಇಯಲ್ಲಿ "ಸಂಪರ್ಕ ಹೋಯ್ತು" ಅಂತ ತೀರ್ಮಾನಿಸೋ ಸಮಯವನ್ನ 100 ಮಿಲಿಸೆಕೆಂಡ್‌ನಿಂದ 32 ಸೆಕೆಂಡ್‌ವರೆಗೆ ಎಷ್ಟು ಬೇಕಾದರೂ ಇಡಬಹುದು. ಗೊತ್ತಾದ ಮೇಲೆ ನಿಲ್ಲಬೇಕಾ, ಓಡ್ತಾ ಇರಬೇಕಾ ಅನ್ನೋದು ಆ ಬೋರ್ಡ್‌ನ ಪ್ರೋಗ್ರಾಂ ಬರೆದವರಿಗೆ ಬಿಟ್ಟಿದ್ದು. ಕೊಳ್ಳುವ ಮೊದಲು ಮ್ಯಾನುಯಲ್‌ನಲ್ಲಿ ಇದನ್ನ ಹುಡುಕಿ.

ನಾಲ್ಕನೇ ಬಗೆಯಲ್ಲಿ ಇನ್ನೊಂದು ಗಂಭೀರ ವಿಷಯ ಇದೆ. ಹಳಿಯಲ್ಲಿ ಕರೆಂಟ್ ಇದ್ದರೆ ಕೊನೆಗೆ ಪ್ಲಗ್ ಕಿತ್ತಾದರೂ ರೈಲು ನಿಲ್ಲಿಸಬಹುದು. ಡೆಡ್ ರೈಲ್‌ನಲ್ಲಿ ಕೀಳೋಕೆ ಪ್ಲಗ್ಗೇ ಇಲ್ಲ. ಅಲ್ಲಿ ರಿಸೀವರ್ ತಾನಾಗೇ ನಿಲ್ಲಿಸಲಿಲ್ಲ ಅಂದ್ರೆ ರೈಲಿನ ಹಿಂದೆ ಓಡಬೇಕು ಅಷ್ಟೆ.

ದೊಡ್ಡ ರೈಲು ಕಲಿತ ಪಾಠ

ಇದೇ ಪ್ರಶ್ನೆ ನಿಜವಾದ ರೈಲುಗಳಿಗೂ ಬಂದಿತ್ತು, ರೇಡಿಯೋ ಹುಟ್ಟೋಕೂ ಮುಂಚೆ. 1889ರ ಜೂನ್ 12ರಂದು ಐರ್ಲೆಂಡಿನ ಆರ್ಮಾ ಊರಿನ ಹತ್ತಿರ ಒಂದು ಪ್ರವಾಸದ ರೈಲು ಏರಿನಲ್ಲಿ ನಿಂತುಬಿಟ್ಟಿತು. ತುಂಬ ಮಕ್ಕಳಿದ್ದ ರೈಲು. ಭಾರ ಕಡಿಮೆ ಮಾಡೋಕೆ ರೈಲನ್ನ ಎರಡು ಭಾಗ ಮಾಡಿದರು. ಆ ಕಾಲದ ಸಾದಾ ವ್ಯಾಕ್ಯೂಮ್ ಬ್ರೇಕ್‌ಗೆ ಇಂಜಿನ್ ವ್ಯಾಕ್ಯೂಮ್ ಕೊಟ್ಟರೆ ಮಾತ್ರ ಬ್ರೇಕ್ ಹಿಡೀತಿತ್ತು. ಇಂಜಿನ್‌ನಿಂದ ಬೇರೆಯಾದ ಬೋಗಿಗಳಿಗೆ ಹಿಂದಿನ ವ್ಯಾನಿನ ಕೈಬ್ರೇಕ್ ಬಿಟ್ಟರೆ ಬೇರೇನೂ ಇರಲಿಲ್ಲ. ಅವು ಇಳಿಜಾರಿನಲ್ಲಿ ಹಿಂದಕ್ಕೆ ಉರುಳಿ, ಹಿಂದೆ ಬರ್ತಿದ್ದ ರೈಲಿಗೆ ಗುದ್ದಿದವು. ಸುಮಾರು 80 ಜನ ಸತ್ತರು. ಅದೇ ವರ್ಷ ಬ್ರಿಟನ್‌ನಲ್ಲಿ ಪ್ರಯಾಣಿಕರ ರೈಲುಗಳಿಗೆ ತಾನಾಗೇ ಹಿಡಿಯೋ ಬ್ರೇಕ್ ಕಡ್ಡಾಯ ಮಾಡಿ ಕಾನೂನು ಬಂತು.

ತಾನಾಗೇ ಹಿಡಿಯೋ ಬ್ರೇಕ್‌ನಲ್ಲಿ ಲೆಕ್ಕ ತಿರುಗುಮುರುಗು. ಪೈಪ್‌ನಲ್ಲಿ ಒತ್ತಡ ಇದ್ದಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತೆ, ಒತ್ತಡ ಹೋದರೆ ಹಿಡಿಯುತ್ತೆ. ನಮ್ಮ ಭಾರತೀಯ ರೈಲುಗಳ ಏರ್ ಬ್ರೇಕ್ ಪೈಪ್‌ನಲ್ಲಿ ಪ್ರತಿ ಚದರ ಸೆಂ.ಮೀ.ಗೆ 5 ಕೆ.ಜಿ. ಒತ್ತಡ ಇರುತ್ತೆ. ನೀವು ಚೈನ್ ಎಳೆದಾಗ ಆಗೋದು ಆ ಗಾಳಿ ಹೊರಗೆ ಹೋಗೋದು. ಪೈಪ್ ಕಡಿದರೂ, ಬೋಗಿ ಕಳಚಿದರೂ ಅದೇ ಫಲ: ರೈಲು ನಿಲ್ಲುತ್ತೆ. ಇಂಜಿನಿಯರಿಂಗ್‌ನಲ್ಲಿ ಇದಕ್ಕೆ ಫೇಲ್-ಸೇಫ್ ಅಂತಾರೆ. ಹೋದ ಸೆಮಿಸ್ಟರ್‌ನಲ್ಲಿ ಈ ಪದಕ್ಕೆ ಎರಡು ಮಾರ್ಕಿನ ಉತ್ತರ ಬರೆದಿದ್ದೆ. ಅರ್ಥ ಆಗಿದ್ದು ಇಂಜಿನ್ ನೆಲಕ್ಕೆ ಬಿದ್ದ ಮೇಲೆ.

ಗಾಳಿಯಲ್ಲಿ ಜಾಗ ಎಲ್ಲಿದೆ?

ಈಗ ಫ್ರೀಕ್ವೆನ್ಸಿ ವಿಷಯ. ಅಮೆರಿಕದಲ್ಲಿ 902–928 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಬ್ಯಾಂಡ್. ಅಲ್ಲಿನ ಹಲವು ಮಾದರಿ ರೈಲು ರೇಡಿಯೋಗಳು ಇದರಲ್ಲೇ ಕೆಲಸ ಮಾಡ್ತವೆ. ನಮ್ಮಲ್ಲಿ ಅದು ಮುಕ್ತ ಬ್ಯಾಂಡ್ ಅಲ್ಲ, ಅದರ ಒಂದು ಭಾಗ ಮೊಬೈಲ್ ಫೋನ್‌ಗಳಿಗೆ ಸೇರಿದ್ದು. ಭಾರತದಲ್ಲಿ ಲೈಸೆನ್ಸ್ ಬೇಡದ ಬ್ಯಾಂಡ್‌ಗಳಲ್ಲಿ 865–868 ಮತ್ತು 2400–2483.5 ಮೆಗಾಹರ್ಟ್ಸ್ ಸೇರಿವೆ. ಹಾಗಾಗಿ ವಿದೇಶದಿಂದ ಯಾರಾದರೂ ತಂದುಕೊಡ್ತೀನಿ ಅಂದರೆ ಖುಷಿಯಾಗೋ ಮೊದಲು ಡಬ್ಬದ ಮೇಲಿನ ಮೆಗಾಹರ್ಟ್ಸ್ ಓದಿ.

2.4 ಗಿಗಾಹರ್ಟ್ಸ್ ಎಲ್ಲ ಕಡೆ ಮುಕ್ತ, ಅದೇ ಅದರ ಕಷ್ಟ. ವೈ-ಫೈ, ಬ್ಲೂಟೂತ್, ಎಲ್ಲರ ಹಾಟ್‌ಸ್ಪಾಟ್ ಎಲ್ಲ ಅಲ್ಲೇ. ವೈ-ಫೈನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಅಂದರೆ 1, 6, 11, ಮೂರೇ. ರಾತ್ರಿ ಖಾಲಿ ಲ್ಯಾಬ್‌ನಲ್ಲಿ ಚೆನ್ನಾಗಿ ಓಡಿದ್ದು ಮೆಜೆಸ್ಟಿಕ್ ಥರ ತುಂಬಿದ ಹಾಲ್‌ನಲ್ಲಿ ಕೈಕೊಟ್ಟರೆ ಆಶ್ಚರ್ಯ ಇಲ್ಲ. ಬ್ಲೂಟೂತ್ ಎಲ್‌ಇ ಸಂಪರ್ಕ 37 ಚಾನೆಲ್‌ಗಳ ನಡುವೆ ಜಿಗೀತಾ ಇರುತ್ತೆ, ಹಾಗಾಗಿ ಗದ್ದಲವನ್ನ ಸ್ವಲ್ಪ ಚೆನ್ನಾಗಿ ತಡ್ಕೊಳ್ಳುತ್ತೆ. 5 ಗಿಗಾಹರ್ಟ್ಸ್ ವೈ-ಫೈಯಲ್ಲಿ ಚಾನೆಲ್ ಜಾಸ್ತಿ, ಆದರೆ ಇಎಸ್‌ಪಿ8266 ಥರದ ಅಗ್ಗದ ಬೋರ್ಡ್‌ಗಳಿಗೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ.

ಫೋನ್‌ನದ್ದೇ ಆದ ಚೇಷ್ಟೆಗಳೂ ಇವೆ. ರೈಲಿನ ವೈ-ಫೈನಲ್ಲಿ ಇಂಟರ್ನೆಟ್ ಇರಲ್ಲ. "ಇಲ್ಲಿ ನೆಟ್ ಇಲ್ಲ" ಅಂತ ಫೋನ್ ತಾನೇ ಬುದ್ಧಿ ಉಪಯೋಗಿಸಿ ಮೊಬೈಲ್ ಡೇಟಾಗೆ ಹಾರುತ್ತೆ, ರೈಲು ಅನಾಥ. ಹಾಗಾಗಿ ಡೇಟಾ ಆಫ್ ಮಾಡಿಯೇ ಓಡಿಸಿ. ಕಾಲ್ ಬಂದರೆ? ಎಂಜಿನ್ ಡ್ರೈವರ್ ಆ್ಯಪ್‌ನಲ್ಲಿ ಕಾಲ್ ಬಂದಾಗ ರೈಲು ನಿಲ್ಲಿಸೋ ಆಯ್ಕೆ ಇದೆ, ಆನ್ ಮಾಡಿ.

ಆರಿಸುವ ಮೊದಲು ಐದು ಪರೀಕ್ಷೆ

ಒಂದು ಸ್ಟಾಪ್‌ವಾಚ್, ಒಂದು ಟೇಪ್ ಸಾಕು. ರೈಲು ಮಾಮೂಲಿ ವೇಗದಲ್ಲಿ ಓಡ್ತಿರುವಾಗ:

1. ಫೋನನ್ನ ಏರೋಪ್ಲೇನ್ ಮೋಡ್‌ಗೆ ಹಾಕಿ. ರೈಲು ಎಷ್ಟು ದೂರ ಹೋಗಿ ನಿಂತಿತು? ನಿಂತಿತಾ?
2. ರೌಟರ್ ಪ್ಲಗ್ ಕೀಳಿ. ಮತ್ತೆ ಅಳೆಯಿರಿ.
3. ಮಧ್ಯದಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದರ ಮುಚ್ಚಳ ಮುಚ್ಚಿ. ಹಾರ್ಟ್‌ಬೀಟ್ ಎಣಿಸ್ತಿರೋದು ಲ್ಯಾಪ್‌ಟಾಪ್ ಆಗಿದ್ದು, ಅದೇ ನಿದ್ದೆಗೆ ಹೋದರೆ ಎಣಿಸೋರು ಯಾರು?
4. ಇಪ್ಪತ್ತು ಮೂವತ್ತು ಗೆಳೆಯರನ್ನ ಕರೆದು ಎಲ್ಲರ ಹಾಟ್‌ಸ್ಪಾಟ್ ಆನ್ ಮಾಡಿಸಿ ಹಲಗೆ ಸುತ್ತ ನಿಲ್ಲಿಸಿ. ಸಮೋಸ ಕೊಡಿಸಿದರೆ ಬರ್ತಾರೆ.
5. ಹಳಿಯ ಕರೆಂಟ್ ಕತ್ತರಿಸಿ. ಇಂಜಿನ್ ಒಳಗೆ ದೊಡ್ಡ ಕೆಪಾಸಿಟರ್ ಇದ್ದರೆ ಆಮೇಲೂ ಒಂದೆರಡು ಸೆಕೆಂಡ್ ಓಡುತ್ತೆ. ಅದನ್ನೂ ಬರೆದುಕೊಳ್ಳಿ.

ಐದರಲ್ಲಿ ಅತಿ ದೊಡ್ಡ ದೂರ ಯಾವುದೋ ಅದೇ ನಿಮ್ಮ ನಿಲ್ಲುವ ದೂರ. ಅಷ್ಟು ಜಾಗ ನಿಮ್ಮ ಲೇಔಟ್‌ನಲ್ಲಿ ಇಲ್ಲದಿದ್ದರೆ ಆ ವ್ಯವಸ್ಥೆ ನಿಮಗಲ್ಲ, ಇಲ್ಲವೇ ವೇಗ ಇಳಿಸಬೇಕು.

ನಾವು ಆರಿಸಿದ್ದು

ಮನೆಯಲ್ಲಿ ಒಬ್ಬರೇ, ಒಂದೇ ಇಂಜಿನ್ ಅಂದರೆ ಬ್ಲೂಟೂತ್ ಸಾಕು, ಮೊದಲ ಪರೀಕ್ಷೆ ಪಾಸಾದರೆ. ಹಳಿ ತೋಟದಲ್ಲಿದ್ದು ಮಳೆ ಧೂಳಿಗೆ ಕೊಳಕಾಗ್ತಿದ್ದರೆ ದೊಡ್ಡ ಸ್ಕೇಲ್‌ನ ಡೆಡ್ ರೈಲ್ ಒಳ್ಳೇದು. ನಮ್ಮದು ಜನಜಂಗುಳಿಯಲ್ಲಿ ಮಕ್ಕಳು ಓಡಿಸೋ ಲೇಔಟ್, ಎರಡು ಇಂಜಿನ್, ಕಡಿಮೆ ದುಡ್ಡು. ಹಾಗಾಗಿ ಹಳಿಯಲ್ಲಿ ಕರೆಂಟ್ ಉಳಿಸಿಕೊಂಡೆವು. ಆರ್ಡುಯಿನೋ ಮೆಗಾ, ಮೋಟರ್ ಶೀಲ್ಡ್, ಡಿಸಿಸಿ-ಇಎಕ್ಸ್. ಮೋಟರ್ ಶೀಲ್ಡ್‌ಗೆ 9 ವೋಲ್ಟ್‌ಗಿಂತ ಹೆಚ್ಚು ಕೊಡುವವರು ಅದರ ಬೆನ್ನ ಮೇಲಿನ ವಿಐಎನ್ ಕನೆಕ್ಟ್ ಗೆರೆ ಕತ್ತರಿಸೋದನ್ನ ಮರೀಬೇಡಿ, ಇಲ್ಲದಿದ್ದರೆ ಆ ವೋಲ್ಟೇಜ್ ನೇರ ಆರ್ಡುಯಿನೋಗೆ ಹೋಗುತ್ತೆ.

ಲ್ಯಾಪ್‌ಟಾಪ್ ತೆಗೆದುಹಾಕಿದೆವು. ಮೆಗಾ ಮೇಲೆ ಈಥರ್ನೆಟ್ ಶೀಲ್ಡ್, ಅಲ್ಲಿಂದ ರೌಟರ್‌ಗೆ ಕೇಬಲ್, ರೌಟರ್‌ನಿಂದ ಫೋನ್‌ಗೆ ಮಾತ್ರ 5 ಗಿಗಾಹರ್ಟ್ಸ್ ವೈ-ಫೈ. ಈಗ ಹಾರ್ಟ್‌ಬೀಟ್ ಎಣಿಸೋದು ಹಳಿಗೆ ಆಜ್ಞೆ ಕೊಡೋ ಬೋರ್ಡೇ. ಅದರ ಸಮಯವನ್ನ ಕೋಡ್‌ನಲ್ಲಿ 10ರಿಂದ 4 ಸೆಕೆಂಡ್‌ಗೆ ಇಳಿಸಿದೆವು. ಡಿಕೋಡರ್‌ನ ಸಿವಿ 5ರಲ್ಲಿ ಗರಿಷ್ಠ ವೇಗವನ್ನ ಸೆಕೆಂಡಿಗೆ 16 ಸೆಂ.ಮೀ.ಗೆ ಕಟ್ಟಿಹಾಕಿದೆವು, ನಿಜ ರೈಲಿನ ಲೆಕ್ಕದಲ್ಲಿ ಗಂಟೆಗೆ 50 ಕಿ.ಮೀ. ನಾಲ್ಕು ಸೆಕೆಂಡಿಗೆ 64 ಸೆಂ.ಮೀ. ಐದೂ ಪರೀಕ್ಷೆ ಮಾಡಿ ಅಳೆದಾಗ ಒಂದು ಮೀಟರ್ ಒಳಗೇ ನಿಂತಿತು. ಸೈಡಿಂಗ್‌ನಲ್ಲಿ ನಿಲ್ಲೋ ಇಂಜಿನ್‌ಗೆ ಪಾಯಿಂಟ್ಸ್‌ನಿಂದ ಅಷ್ಟು ದೂರ ಗುರುತು ಹಾಕಿದೆವು.

ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಒಂದು ದೊಡ್ಡ ಕೆಂಪು ಎಮರ್ಜೆನ್ಸಿ ಸ್ವಿಚ್ ತಂದು, ಹಳಿಗೆ ಹೋಗೋ ಸಪ್ಲೈ ಮಧ್ಯೆ ಹಾಕಿದೆವು. ಅದರ ನಾರ್ಮಲಿ ಕ್ಲೋಸ್ಡ್ ಕಾಂಟ್ಯಾಕ್ಟ್ ಬಳಸಿ. ಹಾಗೆ ಮಾಡಿದರೆ ಗುಂಡಿ ಒತ್ತಿದರೂ ನಿಲ್ಲುತ್ತೆ, ಸ್ವಿಚ್‌ನ ವೈರ್ ಕಿತ್ತುಹೋದರೂ ನಿಲ್ಲುತ್ತೆ. ವೈರ್‌ಲೆಸ್ ಲೇಔಟ್‌ನಲ್ಲಿ ನನಗೆ ಈಗ ಎಲ್ಲಕ್ಕಿಂತ ಇಷ್ಟವಾದ ಭಾಗ ಈ ವೈರೇ. ಕೊನೆಗೆ ಹಲಗೆಯ ಸುತ್ತ ನಾಲ್ಕು ಇಂಚು ಎತ್ತರದ ಮರದ ಪಟ್ಟಿ ಹೊಡೆದೆವು. ಎಲ್ಲಕ್ಕಿಂತ ಅಗ್ಗದ್ದು ಅದು, ಮೊದಲೇ ಹೊಡೆದಿದ್ದರೆ ಇಂಜಿನ್‌ಗಳು ನೆಲಕ್ಕೆ ಬೀಳ್ತಿರಲಿಲ್ಲ.

ಒಂದು ಕೊರತೆ ಇನ್ನೂ ಇದೆ: ಫೋನ್ ಸ್ಲೈಡರ್ ನೋಡ್ತಾ ಕೂತರೆ ಮಕ್ಕಳು ರೈಲು ನೋಡಲ್ಲ. ಇಎಸ್‌ಪಿ32 ಮತ್ತು ತಿರುಗೋ ಎನ್‌ಕೋಡರ್ ಇಟ್ಟು ಮಾಡೋ ವಿಟ್‌ಕಂಟ್ರೋಲರ್ ಅನ್ನೋ ಓಪನ್ ಸೋರ್ಸ್ ಹ್ಯಾಂಡ್‌ಸೆಟ್ ಇದೆ. ಆದರೆ ಅದು 2.4 ಗಿಗಾಹರ್ಟ್ಸ್. ಸಮೋಸ ಪರೀಕ್ಷೆ ಪಾಸಾದರೆ ಮಾತ್ರ ಓಪನ್ ಡೇಗೆ ತರ್ತೀವಿ.

ಮುಂದಿನ ಓಪನ್ ಡೇಯಲ್ಲಿ ಬಂದವರಿಗೆ ಮೊದಲು ತೋರಿಸೋದು ಏನು ಅಂತ ತೀರ್ಮಾನಿಸಿದ್ದೀವಿ. ರೈಲು ಓಡ್ತಿರುವಾಗ ಎಲ್ಲರೆದುರು ರೌಟರ್ ಪ್ಲಗ್ ಕೀಳ್ತೀವಿ, ರೈಲು ತಾನಾಗೇ ನಿಲ್ಲೋದನ್ನ ತೋರಿಸ್ತೀವಿ, ಆಮೇಲೆ ಮಕ್ಕಳ ಕೈಗೆ ಫೋನ್ ಕೊಡ್ತೀವಿ. ಆ ಹುಡುಗ ಬಂದರೆ ಪ್ಲಗ್ ಕೀಳೋ ಕೆಲಸ ಅವನಿಗೇ. ಅವನ ಅಮ್ಮನೂ ಜೊತೆಗೆ ಬರಲಿ ಅಂತ ನನ್ನಾಸೆ, ಅವರಿಗೆ ಒಂದು ಮಾತು ಹೇಳೋದು ಬಾಕಿ ಇದೆ.